ಬಲಕ್ಕೆ ೨೯೧, ಕೆಳಕ್ಕೆ ೧೪೫

"ಇದು ನನ್ನ ಕೈ ಅಲ್ರಿ ಅಕ್ಕಾರ," ಎಂದ ತಿರಕಪ್ಪ. ಗಣಕದ ಪರದೆಯನ್ನು ಮುಟ್ಟದೆ, ಒಂದು ಗೇಣು ದೂರದಲ್ಲೇ ಬೆರಳು ನಿಲ್ಲಿಸಿದ್ದ. "ನಾ ಪೆಟಗಿ ಇಡೂದ ಹಿಂಗಲ್ಲ."

ಮೃಣಾಲಿನಿ ಕುರ್ಚಿಯನ್ನು ಮುಂದಕ್ಕೆಳೆದುಕೊಂಡಳು. "ಮತ್ತ ಹೆಂಗ ಇಡ್ತೀ? ತೋರಿಸು."

ಬ್ಯಾಡಗಿಯ ಶೀತಲಗೃಹದ ಕಚೇರಿಯಲ್ಲಿ ಆಗ ಬೆಳಗಿನ ಹತ್ತು ಗಂಟೆ. ಸೋಮವಾರ ಗುತ್ತಲದ ರೈತ ಮಹಿಳೆ ಉಚ್ಚಂಗೆವ್ವನ ಹದಿನೆಂಟು ಚೀಲ ಬೀಜದ ಮೆಣಸಿನಕಾಯಿ ಬೇರೊಬ್ಬರ ಹೆಸರಿನಲ್ಲಿ ಲಾರಿ ಹತ್ತಿ ಹೋಗಿತ್ತು. ಈ ದಿನ ಬುಧವಾರ, ಮಧ್ಯಾಹ್ನ ನಾಲ್ಕಕ್ಕೆ, ಹಮಾಲರ ಮುಂದಾಳು ತಿರಕಪ್ಪನ ಎದೆಯ ಮೇಲಿನ ಹಿತ್ತಾಳೆಯ ಬಿಲ್ಲೆಯನ್ನು ಬಿಚ್ಚಿಸಿ ಅವನನ್ನು ಪೊಲೀಸರಿಗೆ ಒಪ್ಪಿಸುವುದೆಂದು ನಿಶ್ಚಯವಾಗಿತ್ತು. ಕಾರಣ ಒಂದೇ. ಪರದೆಯ ಮೇಲೆ ಆ ಚೀಲಗಳ ಸ್ಥಳ ಬದಲಾದದ್ದು ತಿರಕಪ್ಪನ ಹೆಸರಿನಲ್ಲಿ.

ಪರದೆಯಲ್ಲಿ ಶೀತಲಗೃಹದ ನಾಲ್ಕೂ ಖೋಲಿಗಳ ನಕ್ಷೆ ಇತ್ತು. ಪ್ರತಿಯೊಬ್ಬರ ಮಾಲಿಗೆ ಒಂದೊಂದು ಕೆಂಪು ಪೆಟ್ಟಿಗೆ, ಅದರ ಮೇಲೊಂದು ನಂಬರು. ಮಾಲು ಸ್ಥಳ ಬದಲಿಸಿದಾಗ ಮೌಸಿನಿಂದ ಪೆಟ್ಟಿಗೆಯನ್ನು ಎಳೆದು ಹೊಸ ಅಟ್ಟಣೆಯ ಮೇಲೆ ಬಿಡಬೇಕು. ಲಾರಿ ಬಂದಾಗ ಹಮಾಲರು ಪರದೆ ತೋರಿಸಿದ ಅಟ್ಟಣೆಯಿಂದಲೇ ಚೀಲ ಹೊರುತ್ತಾರೆ. ಈ ತಂತ್ರಾಂಶವನ್ನು ಬರೆದವರು ಇಬ್ಬರು: ಹಾವೇರಿಯಲ್ಲಿ ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದ ಮೃಣಾಲಿನಿ ಮತ್ತು ಅವಳ ಸಹಪಾಠಿ ಕೌಸ್ತುಭ. ಅದು ಬಂದ ಮೇಲೆ ಚೀಲದ ಮೇಲೆ ಮಸಿಯಲ್ಲಿ ನಂಬರು ಬರೆಯುವ ಹಳೆಯ ಪದ್ಧತಿ ನಿಂತಿತು. ಇನ್ನು ಅದು ಬೇಡವೆಂದು ಸಲಹೆ ಕೊಟ್ಟವಳು ಮೃಣಾಲಿನಿಯೇ.

ತಿರಕಪ್ಪ ಮೌಸನ್ನು ಹಿಡಿದ. ಒಂದು ಪೆಟ್ಟಿಗೆಯನ್ನು ಎಳೆದು, ಅಟ್ಟಣೆಯ ಎಡಗಡೆಯ ಕೆಳಮೂಲೆಗೆ ಒತ್ತಿ ಕೂರಿಸಿದ.

"ಅಲ್ಲೇ ಯಾಕ?"

"ಅದು ಬಾಗಲ ಮೂಲಿ ಅಲ್ರಿ? ಚೀಲಾ ಕಟ್ಟೂದ ಅಲ್ಲಿಂದ. ನಡುವ ಇಟ್ರ ಮುಂದಿನ ಥರ ಎಲ್ಲಿ ಕಟ್ಟೂದು, ನಿಮ್ಮ ತಲಿ ಮ್ಯಾಲೇನು?"

ಬಾಗಿಲ ಬಳಿ ಗೋಡೆಗೊರಗಿ ಕುಳಿತಿದ್ದ ಉಚ್ಚಂಗೆವ್ವ ಇತ್ತ ಮುಖ ತಿರುಗಿಸದೆ ಮಾತನಾಡಿದಳು. "ನಗಸಬ್ಯಾಡೋ. ಆರು ವರ್ಷ ಒಂದೊಂದ ಗಿಡಾ ನೋಡಿ ಆರಿಸಿದ ಬೀಜ ಅದು. ಗುತ್ತಲದಿಂದ ತಂದು ಮಂದಿ ಕೈಯಾಗ ಕೊಡಲಿಲ್ಲ, ನಿನ್ನ ಕೈಯಾಗ ಕೊಟ್ಟೆ. ಅಣ್ಣಾ ಅಂತಿದ್ದೆ ನಿನಗ."

ತಿರಕಪ್ಪ ಮೌಸಿನಿಂದ ಕೈ ತೆಗೆದು ತೊಡೆಗೆ ಒರೆಸಿಕೊಂಡ.

ಮೃಣಾಲಿನಿ ದಾಖಲೆಯನ್ನು ತೆರೆದಳು. ಪೆಟ್ಟಿಗೆಯನ್ನು ಬಿಟ್ಟ ಪ್ರತಿ ಸಲವೂ ತಂತ್ರಾಂಶ ನಾಲ್ಕು ಸಂಗತಿಗಳನ್ನು ಬರೆದಿಡುತ್ತದೆ: ಯಾರು, ಯಾವಾಗ, ಪರದೆಯಲ್ಲಿ ನಕ್ಷೆ ತೆರೆದಿರುವ ಕಿಟಕಿಯ ಎಡ ಅಂಚಿನಿಂದ ಎಷ್ಟು ಚುಕ್ಕೆ (ಪಿಕ್ಸೆಲ್) ದೂರ, ಮೇಲಿನ ಅಂಚಿನಿಂದ ಎಷ್ಟು. ಸೋಮವಾರಕ್ಕೆ ಮೊದಲಿನ ಎಂಟು ತಿಂಗಳಲ್ಲಿ ತಿರಕಪ್ಪ ಇನ್ನೂರ ಹನ್ನೆರಡು ಸಲ ಪೆಟ್ಟಿಗೆ ಸರಿಸಿದ್ದ. ಅವಳು ಎಲ್ಲವನ್ನೂ ನೋಡಿದಳು. ಇನ್ನೂರ ಹನ್ನೆರಡೂ ಬಾಗಿಲ ಮೂಲೆಯಲ್ಲೇ ಇದ್ದವು.

ಸೋಮವಾರ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಅವನ ಹೆಸರಿನಲ್ಲಿ ಸರಿದ ಎರಡು ಪೆಟ್ಟಿಗೆಗಳು ಮಾತ್ರ ಅಟ್ಟಣೆಯ ನಟ್ಟನಡುವೆ ಕುಳಿತಿದ್ದವು. ಒಂದು ೪೧೭, ಉಚ್ಚಂಗೆವ್ವನ ಬೀಜ. ಇನ್ನೊಂದು ೪೫೧, ಅದೇ ದಿನ ಲಾರಿಗೆ ಹೋಗಬೇಕಿದ್ದ ಸಾಧಾರಣ ಮಾಲು. ಒಂದರ ಜಾಗಕ್ಕೆ ಇನ್ನೊಂದು.

ಆದರೆ ಅವಳನ್ನು ತಡೆದು ನಿಲ್ಲಿಸಿದ್ದು ಇದಲ್ಲ. ಎರಡು ಪೆಟ್ಟಿಗೆಗಳಿಗೆ ದಾಖಲೆಯಲ್ಲಿ ಮೂರು ಸಾಲುಗಳಿದ್ದವು.

೪೧೭ನ್ನು ಮೊದಲು ಬಿಟ್ಟದ್ದು ೬೯೩, ೩೭೫ರಲ್ಲಿ. ಅಲ್ಲಿ ಯಾವ ಅಟ್ಟಣೆಯೂ ಇಲ್ಲ, ಓಡಾಡುವ ಹಾದಿ. ಒಂಬತ್ತು ಸೆಕೆಂಡಿನ ಬಳಿಕ ಅದೇ ಪೆಟ್ಟಿಗೆ ೪೦೨, ೨೩೦ಕ್ಕೆ ಬಂದು ಅಟ್ಟಣೆಯ ಮಧ್ಯದಲ್ಲಿ ಕುಳಿತಿತ್ತು. ಮೂರನೆಯ ಸಾಲು ೪೫೧ರದು. ಅದು ಒಂದೇ ಸಲಕ್ಕೆ ಸರಿಯಾಗಿ ಕುಳಿತಿತ್ತು.

ಮೊದಲ ಸಾಲಿನಿಂದ ಎರಡನೆಯದನ್ನು ಕಳೆದರೆ ಉಳಿಯುವುದೇನೆಂದು ತಿಳಿಯಲು ಮೃಣಾಲಿನಿಗೆ ಕಾಗದ ಬೇಕಿರಲಿಲ್ಲ. ಆದರೂ ಕಾಗದ ತೆಗೆದುಕೊಂಡಳು. ಒಂದರ ಕೆಳಗೊಂದು ಬರೆದು, ಕಳೆದು, ಎರಡು ಬಾರಿ ತಾಳೆ ನೋಡಿದಳು.

ಬಲಕ್ಕೆ ೨೯೧. ಕೆಳಕ್ಕೆ ೧೪೫.

"ಏನಾತ್ರಿ?" ಎಂದ ತಿರಕಪ್ಪ. "ಮಾರಿ ಯಾಕ ಹಂಗಾತು?"

"ಇದು ತಪ್ಪು ಅಳತಿ," ಎಂದಳು ಅವಳು. ಹೇಗೆ ವಿವರಿಸುವುದೆಂದು ಕ್ಷಣಕಾಲ ಯೋಚಿಸಿದಳು. "ಮೌಸ್ ಎಲ್ಲಿ ಅದ ಅಂತ ಕೇಳಿದ್ರ ಗಣಕ ಎರಡು ಥರ ಹೇಳ್ತದ. ಈ ಗಾಜಿನ ಮೂಲಿಯಿಂದ ಎಷ್ಟು ದೂರ ಅಂತ ಒಂದು. ನಮ್ಮ ನಕ್ಷೆಯ ಕಿಟಕಿ ಮೂಲಿಯಿಂದ ಎಷ್ಟು ಅಂತ ಒಂದು. ಪೆಟಗಿ ಬಿಟ್ಟಾಗ ಅದು ಗಾಜಿನ ಲೆಕ್ಕ ಕೊಡ್ತದ. ನಾವು ಅದನ್ನ ಕಿಟಕಿ ಲೆಕ್ಕಕ್ಕ ತಿರುಗಿಸಿಕೋಬೇಕು. ತಿರುಗಿಸದಿದ್ರ..."

"ತಿಳೀತು ಬಿಡ್ರಿ," ಎಂದ ತಿರಕಪ್ಪ. "ನಮ್ಮ ಸಾಹುಕಾರ್ರು ಏಳನೇ ಅಟ್ಟಣಗಿ ಅಂದ್ರ ದೊಡ್ಡ ಗೇಟಿಂದ ಎಣಸ್ತಾರ. ನಾವು ಖೋಲಿ ಬಾಗಲಿಂದ ಎಣಸ್ತೀವಿ. ಇಬ್ಬರದೂ ಏಳ. ಚೀಲಾ ಹೋಗಿ ಬೀಳೂದು ಬ್ಯಾರೆ ಕಡೆ."

ಇಷ್ಟು ನಿಖರವಾಗಿ ಅವಳ ಅಧ್ಯಾಪಕರೂ ಹೇಳಿರಲಿಲ್ಲ.

ತಂತ್ರಾಂಶದ ಮೊದಲ ಪ್ರತಿಯಲ್ಲಿ ಆ ಪರಿವರ್ತನೆಯ ಸಾಲು ಇರಲಿಲ್ಲ. ಗಾಜಿನ ಮೂಲೆಯಿಂದ ಕಿಟಕಿ ಎಷ್ಟು ಒಳಗಿದೆಯೋ ಅಷ್ಟೇ ದೂರ ಪ್ರತಿ ಪೆಟ್ಟಿಗೆಯೂ ಬಲಕ್ಕೂ ಕೆಳಕ್ಕೂ ಜಿಗಿಯುತ್ತಿತ್ತು. ಕೈ ನಡುಗಿದರೆ ತಪ್ಪು ಅತ್ತಿತ್ತ ಚದುರುತ್ತದೆ. ಈ ತಪ್ಪು ಚದುರುವುದಿಲ್ಲ, ಒಂದು ಚುಕ್ಕೆಯಷ್ಟೂ ಬದಲಾಗುವುದಿಲ್ಲ. ಮೃಣಾಲಿನಿ ಮತ್ತು ಕೌಸ್ತುಭ ಅದರೊಂದಿಗೆ ಐದು ತಿಂಗಳು ಕಳೆದಿದ್ದರು. ಬಿಡಬೇಕಾದ ಜಾಗಕ್ಕಿಂತ ಅಷ್ಟು ಎಡಕ್ಕೆ, ಅಷ್ಟು ಮೇಲಕ್ಕೆ ಬಿಟ್ಟು ಪೆಟ್ಟಿಗೆಯನ್ನು ಸರಿಯಾಗಿ ಕೂರಿಸುವುದು ಇಬ್ಬರ ಕೈಗೂ ರೂಢಿಯಾಗಿಹೋಗಿತ್ತು.

ಕಚೇರಿಯ ಈ ದೊಡ್ಡ ಪರದೆಯ ಮೇಲೆ ಹಳೆಯ ಪ್ರತಿಯನ್ನು ತೆರೆದರೆ ಪೆಟ್ಟಿಗೆ ಬಲಕ್ಕೆ ೫೬೮, ಕೆಳಕ್ಕೆ ೩೦೧ ಚುಕ್ಕೆ ಜಿಗಿಯಬೇಕು. ೨೯೧ ಮತ್ತು ೧೪೫ ಬರುವುದು ಚಿಕ್ಕ ಪರದೆಯ ಲ್ಯಾಪ್‌ಟಾಪಿನಲ್ಲಿ. ಹಳೆಯ ಪ್ರತಿ ಉಳಿದಿದ್ದದ್ದು ಜಗತ್ತಿನಲ್ಲಿ ಅಂಥ ಒಂದೇ ಲ್ಯಾಪ್‌ಟಾಪಿನಲ್ಲಿ.

ಸೋಮವಾರ ಅದನ್ನು ಇಲ್ಲಿಗೆ ತಂದವರು ಮೊದಲ ಸಲ ಮರೆತು ನೇರವಾಗಿ ಬಿಟ್ಟಿದ್ದರು. ಒಂಬತ್ತು ಸೆಕೆಂಡಿನಲ್ಲಿ ನೆನಪಾಗಿತ್ತು. ಹೊಸಬರಾಗಿದ್ದರೆ ಹತ್ತು ಸಲ ತಡಕಾಡುತ್ತಿದ್ದರು. ಇವರು ಎರಡನೆಯದಕ್ಕೇ ಗುರಿ ಮುಟ್ಟಿದ್ದರು, ಮೂರನೆಯದರಲ್ಲಿ ತಪ್ಪೇ ಇರಲಿಲ್ಲ.

"ತಿರಕಪ್ಪಾ, ಸೋಮವಾರ ಇಲ್ಲಿಗೆ ಯಾರರೆ ಲ್ಯಾಪ್‌ಟಾಪ್ ತಂದಿದ್ರೇನು?"

"ಕೌಸ್ತುಭ ಸರ್ ಬಂದಿದ್ರಲ್ರಿ. ನೆಟ್ ಸರಿ ಐತೇನಂತ ನೋಡಾಕ. ಪ್ಯಾಟಿ ದಿನ, ಕಾಲಿಡಾಕ ಜಾಗಾ ಇರಲಿಲ್ಲ. ಆ ಮೂಲ್ಯಾಗ ಕುಂತಿದ್ರು. ನಾನ ಚಾ ತಂದು ಕೊಟ್ಟೇನಿ."

"ನಿನ್ನ ಪಾಸ್‌ವರ್ಡ್ ಅವಗ ಗೊತ್ತದೇನು?"

"ಇಟ್ಟವ್ರ ಅವ್ರು." ತಿರಕಪ್ಪನ ಹುಬ್ಬು ಗಂಟಿಕ್ಕಿತು, ಆಮೇಲೆ ಅವನು ನಕ್ಕುಬಿಟ್ಟ. "ಏ, ಹೋಗ್ರಿ ಅಕ್ಕಾರ. ಇಷ್ಟ ದೊಡ್ಡ ಕೈ ಇದು, ಮೌಸ್ ಹಿಡಿದ್ರ ಇಲಿ ಹಿಡದಂಗ ಕಾಣತಿತ್ತು. ನನ್ನ ಕೈ ಮ್ಯಾಲೆ ಕೈ ಇಟ್ಟು ಕಲಿಸಿದವ್ರು. ಅವ್ರ ಹಂಗ ಮಾಡ್ತಾರೇನು?"

ಶೀತಲಗೃಹದ ಒಡೆಯ ಶಂಕ್ರಪ್ಪ ಒಳಗೆ ಬಂದು, ಟೋಪಿ ತೆಗೆದು ಮೇಜಿನ ಮೇಲಿಟ್ಟ. "ಏನಂತೈತ್ರಿ ನಿಮ್ಮ ಗಣಕದ ದೇವರು? ತಪ್ಪು ಸಾಫ್ಟ್‌ವೇರ್‌ದೋ, ಇಂವಂದೋ? ಎರಡರಾಗ ಒಂದು ಹೇಳ್ರಿ."

"ಎರಡೂ ಅಲ್ಲ."

"ಹಂಗಂದ್ರ ಮೂರನೇದು ನಾಕ ಗಂಟೆಕ್ಕ ತಂದು ತೋರಸ್ರಿ. ಹಮಾಲರ ಸಂಘದ ಹಿರೇರು ಬರ್ತಾರ. ಅವ್ರ ಮುಂದ ಬಿಲ್ಲೆ ಬಿಚ್ಚಿದ್ರ ಮತ್ತ ಹಚ್ಚಾಕ ಬರಾಂಗಿಲ್ಲ."

ಮೃಣಾಲಿನಿ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡು, ರಾಣೆಬೆನ್ನೂರಿನ ಬಸ್ಸು ಹಿಡಿಯಲು ಮೋಟೆಬೆನ್ನೂರಿನ ಕಡೆ ಹೊರಟಿದ್ದ ಟೆಂಪೊ ಹತ್ತಿದಳು.

*

ರಾಣೆಬೆನ್ನೂರಿನಲ್ಲಿ ಕೌಸ್ತುಭ ಕೆಲಸಕ್ಕಿದ್ದದ್ದು ಒಬ್ಬ ಬೀಜದ ವ್ಯಾಪಾರಿಯ ಬಳಿ, ಮಳಿಗೆಯ ಮೇಲಿನ ಕೋಣೆಯಲ್ಲಿ. ಗೋಡೆಯ ತುಂಬ ಗಾಜಿನ ಸೀಸೆಗಳು. ಪ್ರತಿಯೊಂದರಲ್ಲೂ ಒಂದು ಮುಷ್ಟಿ ಬೀಜ, ಹೊರಗೆ ಅವನ ದುಂಡನೆಯ ಅಕ್ಷರದ ಚೀಟಿ.

"ಬಾ ಮೃಣಾ. ಊಟ ಆತೇನು?"

"ಇಲ್ಲ."

"ಹೊಟ್ಟಿ ಹಸಿದ್ರ ನೀ ಜಗಳಾ ಮಾಡ್ತಿ. ಬುತ್ತಿ ಅದ, ಬಾ."

ಅವಳು ಕುಳಿತಳು. ಕಾಗದವನ್ನು ಬಿಚ್ಚಿ ಅವನ ಮುಂದಿಟ್ಟಳು. ಎಡಗೈಯ ಹೆಬ್ಬೆರಳು ಪೆಟ್ಟಿಗೆಗಳ ನಂಬರನ್ನೂ ಅಳತೆಗಳನ್ನೂ ಮುಚ್ಚಿತ್ತು. ವ್ಯವಕಲನದ ಉತ್ತರ ಮಾತ್ರ ಕಾಣುತ್ತಿತ್ತು.

"ಇನ್ನೂರಾ ತೊಂಬತ್ತೊಂದು," ಎಂದಳು.

"ನೂರಾ ನಲವತ್ತೈದು," ಎಂದು ಅವನು ಮುಗಿಸಿದ, ಹಳೆಯ ರೂಢಿಯಿಂದ. ನಗುತ್ತಲೇ ಇದ್ದ. "ಎಲ್ಲಿ ಸಿಕ್ತು ಇದು?"

"ಬ್ಯಾಡಗಿಯೊಳಗ. ಸೋಮವಾರದ ದಾಖಲೆ. ಎರಡು ಪೆಟಗಿ ಸರಿಸ್ಯಾರ. ಒಂದು ತಪ್ಪಿ ಬಿದ್ದದ, ಒಂದು ಸರಿ ಕೂತದ."

"ತಿರಕಪ್ಪನ ಕೈ ಅದು, ತಪ್ಪೂದ. ನಾಲ್ಕನೂರಾ ಹದಿನೇಳು ಮೊದಲನೇ ಸಲಕ್ಕ ಹಾದಿಗೆ ಬಿತ್ತು ಅಂದ್ರ ಏನಾತು? ಎರಡನೇ ಸಲ ಸರಿ ಇಟ್ಟಾನ. ಇದಕ್ಕೆಲ್ಲಾ ನೀ ಬಸ್ ಹತ್ತಿ ಬಂದಿಯೇನು?"

ಅವಳು ಹೆಬ್ಬೆರಳನ್ನು ತೆಗೆದಳು.

ಯಾವ ಪೆಟ್ಟಿಗೆ ತಪ್ಪಿತ್ತೆಂದು ಅವಳು ಹೇಳಿರಲಿಲ್ಲ. ಅದು ಹಾದಿಗೆ ಬಿದ್ದಿತ್ತೆಂದೂ ಹೇಳಿರಲಿಲ್ಲ. ಕೌಸ್ತುಭ ಕಾಗದವನ್ನು ನೋಡಿದ, ಅವಳ ಹೆಬ್ಬೆರಳನ್ನು ನೋಡಿದ, ಆಮೇಲೆ ಕಿಟಕಿಯ ಹೊರಗೆ ನೋಡಿದ. ನಗು ತುಟಿಯ ಮೇಲೆಯೇ ಇತ್ತು. ಅದನ್ನು ಏನು ಮಾಡಬೇಕೆಂದು ಅವನಿಗೆ ತೋಚದಂತಿತ್ತು.

"ಯಾಕ?" ಎಂದಳು.

"ಏನು ಯಾಕ?"

"ನೀ ಹೇಳಿಕೊಟ್ಟವ. ಅವಗ ನೀ ಅಂದ್ರ ದೇವರು. ಈಗಲೂ ನೀ ಅಂತ ನಂಬವಲ್ಲ ಅಂವ. ಬಿಲ್ಲೆ ಬಿಚ್ಚತಾರ ಇವತ್ತ ಅವನ್ದು."

"ಅವನ ಮ್ಯಾಲೆ ಬರ್ತದ ಅಂತ ನನಗೇನು ಗೊತ್ತು? ಮುದುಕಿ ಮರುದಿನಾನ ಬಂದು ಚೀಲದ ಬಾಯಿ ಬಿಚ್ಚತಾಳಂತ ಯಾರು ಎಣಿಸಿದ್ರು?" ಅವನ ಧ್ವನಿ ತಗ್ಗಿತು. "ಈ ಮಾಲಕಗ ಆ ಬೀಜ ಬೇಕಾಗಿತ್ತು. ಎರಡು ವರ್ಷ ಕೇಳ್ಯಾನ, ಆಕಿ ಒಂದು ಹಿಡಿನೂ ಕೊಟ್ಟಿಲ್ಲ. ನಾ ಎರಡು ಪೆಟಗಿ ಸರಿಸಿದೆ. ಅಷ್ಟ. ಒಂದು ಚೀಲಾನೂ ಮುಟ್ಟಿಲ್ಲ."

"ಚೀಲ ಎಲ್ಲವ?"

"ಗೊತ್ತಿಲ್ಲ. ಖರೇನ ಗೊತ್ತಿಲ್ಲ."

"ನಮ್ಮ ತಂತ್ರಾಂಶದಿಂದ, ಕೌಸ್ತುಭ. ಇಬ್ಬರೂ ಕೂತು ಮಾಡಿದ್ದರಿಂದ."

"ಇಬ್ಬರೂ?" ಅವನು ಥಟ್ಟನೆ ಇತ್ತ ತಿರುಗಿದ. ಈಗ ನಗು ಪೂರ್ತಿಯಾಗಿ ಹೋಗಿತ್ತು. "ಪೆಟಗಿ ಜಿಗಿಯೂದು ನಿಲ್ಲಿಸಿದ್ದು ಯಾರು? ಐದು ತಿಂಗಳು ಇಬ್ಬರೂ ತಲಿ ಕೆಡಿಸಿಕೊಂಡ್ವಿ. ಗಾಜಿನ ಲೆಕ್ಕ ಕಿಟಕಿ ಲೆಕ್ಕಕ್ಕ ತಿರುಗಿಸೋ ಆ ಒಂದು ಸಾಲು ಯಾರು ಬರದ್ರು, ಹೇಳು."

"ನೀನು."

"ಉದ್ಘಾಟನಾ ದಿವಸ ಶಂಕ್ರಪ್ಪನವರು ಯಾರಿಗೆ ಹೊದಿಸಿದ್ರು?"

ಅವಳು ಕಾಗದವನ್ನು ತನ್ನ ಕಡೆ ಎಳೆದುಕೊಂಡಳು.

"ಸಾಲು ನಂದು. ಶಾಲು ನಿನ್ನ ಹೆಗಲಿಗೆ. ನಾ ಹಿಂದಿನ ಸಾಲಿನ ಕುರ್ಚಿಯೊಳಗ ಕೂತು ಚಪ್ಪಾಳಿ ಹೊಡದೆ. 'ಕೌಸ್ತುಭನೂ ಇದ್ದಾನ್ರಿ' ಅಂತ ನಿನ್ನ ಬಾಯಾಗ ಒಂದು ಮಾತು ಬರಲಿಲ್ಲ ಮೃಣಾ. ಮೈಕ್ ನಿನ್ನ ಕೈಯಾಗಿತ್ತು."

ಆ ದಿನ ಅವನ ಹೆಸರನ್ನು ಅವಳು ಕಾಗದದಲ್ಲಿ ಬರೆದುಕೊಂಡು ಹೋಗಿದ್ದಳು, ನಾಲ್ಕನೆಯ ವಾಕ್ಯದಲ್ಲಿ. ಎರಡನೆಯ ವಾಕ್ಯಕ್ಕೇ ಜನ ಚಪ್ಪಾಳೆ ತಟ್ಟಿದ್ದರು, ಅವಳು ಕೆಳಗಿಳಿದಿದ್ದಳು. ಈಗ ಅದನ್ನು ಹೇಳಿದರೆ ನೆಪದಂತೆ ಕೇಳಿಸುತ್ತದೆಂದು ಅವಳಿಗೆ ಗೊತ್ತಿತ್ತು.

"ಅದಕ್ಕ ನನ್ನ ಮ್ಯಾಲೆ ಸಿಟ್ಟು ಮಾಡು," ಎಂದಳು. "ತಿರಕಪ್ಪ ನಿನಗೇನು ಮಾಡ್ಯಾನ? ನಾಲ್ಕಕ್ಕ ಬಂದು ಖರೇ ಹೇಳು. ಇಲ್ಲಾಂದ್ರ ನಾ ಹೇಳ್ತೀನಿ. ಹಳೇ ಪ್ರತಿ ಇರೋದು ಒಂದ ಲ್ಯಾಪ್‌ಟಾಪಿನಾಗ, ಅದು ನಿನ್ನ ಹತ್ರ ಅದ."

ಕೌಸ್ತುಭ ಬುತ್ತಿಯ ಡಬ್ಬಿಯ ಮುಚ್ಚಳವನ್ನು ನಿಧಾನವಾಗಿ ಹಾಕಿ ಒತ್ತಿದ.

"ನಾಲ್ಕಕ್ಕ ಬರ್ತೀನಿ. ಶಂಕ್ರಪ್ಪನವರು ನನಗೂ ಕರದಾರ," ಎಂದ. "ಆದ್ರ ಹೇಳೂಕಿಂತ ಮೊದಲ ಒಂದು ವಿಚಾರ ಮಾಡು. ಆ ಲ್ಯಾಪ್‌ಟಾಪ್ ಯಾರದು? ನನಗ ಒಂದು ವರ್ಷ ಬಳಸಲಿಕ್ಕೆ ಕೊಟ್ಟವರು ಯಾರು?"

*

ಬಸ್ಸು ಹೆದ್ದಾರಿ ಹಿಡಿದಾಗ ಎರಡೂಮುಕ್ಕಾಲು. ಮೃಣಾಲಿನಿ ಅವನ ಪ್ರಶ್ನೆಯ ಅರ್ಥವನ್ನು ಕ್ರಮವಾಗಿ ಬಿಡಿಸಲು ಯತ್ನಿಸುತ್ತಿರುವಾಗ ಫೋನು ಬಂತು. ಹಾವೇರಿಯಿಂದ, ತಾಯಿ ಇಂದಿರಾಬಾಯಿ.

"ಉಂಡೀಯೇನ?"

"ಉಂಡೀನಿ ಅಮ್ಮಾ," ಎಂದು ಸುಳ್ಳು ಹೇಳಿದಳು.

"ಖರೇ ಹೇಳು. ಇರಲಿ. ಮುಂಜಾನೆ ನೀ ಹೋದ ಮ್ಯಾಲೆ ಕೌಸ್ತುಭ ಬಂದಿದ್ದ. ನಿನ್ನ ಹಳೇ ಲ್ಯಾಪ್‌ಟಾಪ್ ಕೊಟ್ಟು ಹೋದ. ನಿನ್ನ ಖೋಲಿಯೊಳಗ ಕಪಾಟಿನಾಗ ಇಟ್ಟೀನಿ. ಎಷ್ಟು ಚೊಲೋ ಹುಡುಗ, ಪುಸ್ತಕ ಒಯ್ದವರು ತಿರುಗಿ ಕೊಡೋದಿಲ್ಲ ಈಗಿನ ಕಾಲದಾಗ. ಚಹಾ ಕುಡಿಯೋ ಅಂದ್ರ ಕುಡೀಲಿಲ್ಲ. ಬಾಜೂ ಮನಿಯವರೂ ಇಲ್ಲೇ ಇದ್ರು, ಅವರ ಮುಂದನ ಕೊಟ್ಟ. ಏನವ್ವಾ? ಕೇಳಸ್ತದೇನು?"

"ಏನಂತ ಹೇಳಿ ಕೊಟ್ಟ ಅಮ್ಮಾ?"

"'ಹೋದ ತಿಂಗಳನ ಆಕಿ ಇದನ್ನ ನನ್ನ ಕಡಿಂದ ತಿರುಗಿ ಒಯ್ದಿದ್ಲು, ಸೋಮವಾರ ಸಂಜಿಗೆ ನನ್ನ ಹತ್ರ ಮರತು ಬಿಟ್ಟು ಹೋಗ್ಯಾಳ' ಅಂದ. ನೀ ಯಾವಾಗ ಒಯ್ದಿದ್ದಿ? ನನಗ ಹೇಳೇ ಇಲ್ಲ."

ಮೃಣಾಲಿನಿ ಫೋನನ್ನು ಮಡಿಲಲ್ಲಿಟ್ಟುಕೊಂಡಳು. ಅವನು ಸೀಸೆಗಳ ನಡುವೆ ಕುಳಿತು ಊಟಕ್ಕೆ ಕರೆದಾಗಲೇ ಎಲ್ಲವೂ ಮುಗಿದಿತ್ತು. ಬೆಳಿಗ್ಗೆಯೇ. ಅವಳು ವ್ಯವಕಲನ ಮಾಡುವುದಕ್ಕೂ ಮೊದಲೇ.

ಆ ತಪ್ಪು ಗೊತ್ತಿದ್ದ ಕೈಗಳು ನಾಲ್ಕು. ಎರಡು ಅವನವು, ಎರಡು ಅವಳವು. ಲ್ಯಾಪ್‌ಟಾಪು ಅವಳದು, ಈಗ ಅವಳ ಕಪಾಟಿನಲ್ಲಿ. ಶೀತಲಗೃಹಕ್ಕೆ ಬಂದು ಹೋಗುವ ಅನುಮತಿ ಇಬ್ಬರಿಗೂ ಇತ್ತು. ಸೋಮವಾರ ಅವಳೂ ಬ್ಯಾಡಗಿಯಲ್ಲೇ ಇದ್ದಳು, ಪೇಟೆಯ ಗದ್ದಲದಲ್ಲಿ. ಅವಳನ್ನು ಕಂಡವರು ಹತ್ತು ಜನರಾದರೂ ಇದ್ದಾರೆ. ಕೌಸ್ತುಭನ ಮುಂದೆ ಲ್ಯಾಪ್‌ಟಾಪ್ ಕಂಡವನು ತಿರಕಪ್ಪ ಒಬ್ಬನೇ, ಅವನಂತೂ ಕೌಸ್ತುಭನ ಮೇಲೆ ಕೆಟ್ಟದ್ದನ್ನು ನಂಬಲೊಲ್ಲ.

ತಿರಕಪ್ಪನನ್ನು ಬಿಡಿಸುವ ಸಾಕ್ಷ್ಯ ಒಂದೇ ಇತ್ತು. ಅದು ತೋರುತ್ತಿದ್ದದ್ದು ಅವಳ ಕಡೆಗೆ.

*

ಶೀತಲಗೃಹದ ಕಚೇರಿಯಲ್ಲಿ ಸಂಘದ ಇಬ್ಬರು ಹಿರಿಯರು ಬೆಂಚಿನ ಮೇಲೆ ಕುಳಿತಿದ್ದರು. ಉಚ್ಚಂಗೆವ್ವ ಅದೇ ಗೋಡೆಗೊರಗಿದ್ದಳು. ಕೌಸ್ತುಭ ಗಣಕದ ಪಕ್ಕದಲ್ಲಿ, ಕೈಕಟ್ಟಿಕೊಂಡು. ತಿರಕಪ್ಪ ನಡುವೆ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ, ಬಿಲ್ಲೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದ್ದ.

"ಬಿಚ್ಚಪಾ," ಎಂದ ಶಂಕ್ರಪ್ಪ.

ತಿರಕಪ್ಪನ ಕೈ ಎದೆಗೆ ಹೋಯಿತು.

"ತಡೀರಿ," ಎಂದು ಮೃಣಾಲಿನಿ ಒಳಗೆ ಬಂದಳು. ಮೇಜಿನ ಮೇಲೆ ಕಾಗದವನ್ನು ಹರವಿದಳು. ಬಾಗಿಲ ಮೂಲೆಯ ಇನ್ನೂರ ಹನ್ನೆರಡು ಸಲದ ವಿಷಯ ಹೇಳಿದಳು. ಹಮಾಲರ ಹಿರಿಯರು ಒಬ್ಬರನ್ನೊಬ್ಬರು ನೋಡಿ ತಲೆಯಾಡಿಸಿದರು. ಅದು ಅವರಿಗೆ ಯಾರೂ ವಿವರಿಸಬೇಕಾದ ಸಂಗತಿಯಾಗಿರಲಿಲ್ಲ. ಆಮೇಲೆ ಗಾಜಿನ ಲೆಕ್ಕ, ಕಿಟಕಿಯ ಲೆಕ್ಕ, ಎರಡರ ನಡುವಿನ ಅಂತರ. ಈ ದೊಡ್ಡ ಪರದೆಯಲ್ಲಿ ಆ ಅಂತರ ಬರುವುದು ಸಾಧ್ಯವೇ ಇಲ್ಲವೆಂದು ಅಳೆದು ತೋರಿಸಿದಳು.

"ಅಂದ್ರ ಇದು ಈ ಗಣಕದಿಂದ ಆಗಿಲ್ಲ," ಎಂದ ಶಂಕ್ರಪ್ಪ ನಿಧಾನವಾಗಿ.

"ಆಗಿಲ್ಲ. ತಿರಕಪ್ಪ ಬ್ಯಾರೆ ಯಾವ ಗಣಕಾನೂ ಮುಟ್ಟಿಲ್ಲ. ಇದು ಸಣ್ಣ ಲ್ಯಾಪ್‌ಟಾಪ್. ಹಳೇ ಪ್ರತಿ ಇರೋದು ಅದರಾಗಷ್ಟ."

ಕೌಸ್ತುಭ ಅವಳನ್ನು ನೋಡುತ್ತಿದ್ದ. ಇಲ್ಲಿಗೆ ನಿಲ್ಲುತ್ತಾಳೆ, ನಿಲ್ಲಲೇಬೇಕು ಎಂಬ ಭರವಸೆ ಆ ನೋಟದಲ್ಲಿತ್ತು. ಐದು ತಿಂಗಳು ಒಂದೇ ಪರದೆಯ ಮುಂದೆ ಕುಳಿತವನಿಗೆ ಅವಳು ಎಲ್ಲಿ ಹಿಂಜರಿಯುತ್ತಾಳೆಂಬುದು ತಿಳಿದಿತ್ತು, ಅಥವಾ ತಿಳಿದಿದೆಯೆಂದು ಅವನು ನಂಬಿದ್ದ.

"ಆ ಲ್ಯಾಪ್‌ಟಾಪ್ ಎಲ್ಲೈತ್ರಿ?" ಎಂದ ಶಂಕ್ರಪ್ಪ. "ಅದು ಸಿಗದಿದ್ರ ಇದು ಬರೇ ಗಣಿತ. ಗಣಿತ ನೋಡಿ ನಾ ಯಾರನ್ನೂ ಬಿಡಾಕ ಬರಾಂಗಿಲ್ಲ."

ತಿರಕಪ್ಪನ ಬೆರಳು ಇನ್ನೂ ಪಿನ್ನಿನ ಮೇಲಿತ್ತು.

"ಹಾವೇರಿಯೊಳಗ ಅದರಿ," ಎಂದಳು ಮೃಣಾಲಿನಿ. "ನಮ್ಮ ಮನ್ಯಾಗ, ನನ್ನ ಕಪಾಟಿನಾಗ. ಲ್ಯಾಪ್‌ಟಾಪ್ ನಂದು."

ಕೌಸ್ತುಭನ ಕಟ್ಟಿದ ಕೈ ಸಡಿಲಿತು. ಅವಳು ಅವನ ಕಡೆ ತಿರುಗಿ ಮುಂದಿನ ಮಾತಿಗೆ ಬಾಯಿ ತೆರೆಯುವಷ್ಟರಲ್ಲಿ ಉಚ್ಚಂಗೆವ್ವ ಗೋಡೆ ಹಿಡಿದು ಎದ್ದು ನಿಂತಿದ್ದಳು, ಶಂಕ್ರಪ್ಪ ಫೋನಿಗೆ ಕೈ ಹಾಕಿದ್ದ.

ತಿರಕಪ್ಪ ಬಿಲ್ಲೆಯಿಂದ ಕೈ ತೆಗೆದ. ಅವನಿಗೆ ಬಿಡುಗಡೆಯಾಗಿತ್ತು. ಆದರೆ ಅವನ ಮುಖದಲ್ಲಿ ಇದ್ದದ್ದು ಬಿಡುಗಡೆಯಲ್ಲ. ಅವನು ಒಂದು ಹೆಜ್ಜೆ ಹಿಂದಕ್ಕೆ ಸರಿದು, ಕೌಸ್ತುಭನ ಪಕ್ಕದಲ್ಲಿ ಹೋಗಿ ನಿಂತ.

"ನೀವಾ, ಅಕ್ಕಾರ?" ಎಂದ.